ಹನ್ನೆರಡು ವೋಲ್ಟಿನ ಪೂಜಾರಿ

ಬ್ಯಾಲರಾಟಿನ ಜುಲೈ. ಬೆಳಗಿನ ಜಾವ ಐದೂಕಾಲು.
ಗಾಜಿನ ಮೇಲೆ ಇಬ್ಬನಿ ಉಪ್ಪಾಗಿ ಕೂತಿದೆ.
ಆರಕ್ಕೆ ಆಸ್ಪತ್ರೆಯ ಅಡುಗೆಮನೆ,
ನೂರಾಹತ್ತು ಬಟ್ಟಲು ಓಟ್ಸ್ ಗಂಜಿ ನನ್ನ ಕೈಯಿಂದಲೇ ಆಗಬೇಕು.
ಕೀಲಿ ಒತ್ತಿದೆ. ಕಾರು ಕಣ್ಣು ಮಿಟುಕಿಸಲಿಲ್ಲ.
ಮತ್ತೆ ಒತ್ತಿದೆ,
ಕಿವುಡರ ಮನೆಯ ಬಾಗಿಲು ತಟ್ಟಿದ ಹಾಗೆ.

ಸೊಂಟ ಹಿಡಿದು ಹದಿನೆಂಟು ದಿನ ಮಲಗಿದ್ದೆ,
ನನ್ನ ಜೊತೆ ಅದೂ ಮಲಗಿತ್ತು.
ನಾನು ಎದ್ದೆ.

ಕೀಲಿಯ ಹೊಟ್ಟೆಯಲ್ಲಿ ಇನ್ನೊಂದು ಕೀಲಿ,
ಕಬ್ಬಿಣದ್ದು, ಕಿರುಬೆರಳಷ್ಟು.
ಒಂಬತ್ತು ವರ್ಷದಲ್ಲಿ ಅದಕ್ಕೆ ಇವತ್ತು ಮೊದಲ ಕೆಲಸ.
ಬಾಗಿಲು ತೆರೆಯಿತು. ದೀಪವಿಲ್ಲ, ಗಡಿಯಾರವಿಲ್ಲ,
ಬೆಲ್ಟು ಹಾಕು ಎಂದು ಗದರುವ ಆ ಟಿಂಗ್ ಟಿಂಗ್ ಕೂಡ ಇಲ್ಲ.

ಹಿಂದಿನ ಸೀಟಿನಾಚೆ ಇನ್ನೂರು ವೋಲ್ಟು
ಉಂಡ ಹೆಬ್ಬಾವಿನಂತೆ ಬಿದ್ದುಕೊಂಡಿದೆ, ಗೊತ್ತು.
ಅದನ್ನು ಎಬ್ಬಿಸಬೇಕಾದ್ದು ಮಾತ್ರ
ಡಿಕ್ಕಿಯ ಮೂಲೆಯ ಪುಟಾಣಿ, ಹನ್ನೆರಡು ವೋಲ್ಟಿನದು.
ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು
ಅಜ್ಜಿ ಬೈಯುತ್ತಿದ್ದದ್ದು ರೇಷನ್ ಅಂಗಡಿಯವನನ್ನು.
ಇಲ್ಲಿ ಪೂಜಾರಿಯೇ ಮೂರ್ಛೆ ಹೋಗಿದ್ದಾನೆ,
ಗರ್ಭಗುಡಿಯ ಕೀಲಿ ಅವನ ಸೊಂಟದಲ್ಲಿ.

ಎದುರುಮನೆಯ ಡೊರೀನ್‌ಗೆ ಎಂಬತ್ತೊಂದು.
ನಲವತ್ತು ವರ್ಷ ಉಣ್ಣೆ ವಿಂಗಡಿಸಿದ ಬೆರಳು.
ನೈಟಿಯ ಮೇಲೆ ಮಳೆಕೋಟು, ಕಾಲಿಗೆ ಗಂಬೂಟು,
ಕೆಮ್ಮುವ ಹಳೇ ಯೂಟ್ ಗಾಡಿಯನ್ನು ತಂದು
ಮೂತಿಗೆ ಮೂತಿ ನಿಲ್ಲಿಸಿದಳು, ಗೇಣು ಬಿಟ್ಟು, ತಾಗಿಸದೆ.

"ಬ್ಯಾಟರಿ ಎಲ್ಲಿ?"
"ಡಿಕ್ಕಿಯಲ್ಲಿ. ಡಿಕ್ಕಿ ತೆರೆಯೋಕೆ ಬ್ಯಾಟರಿ ಬೇಕು."
ಅವಳು ನಕ್ಕ ನಗೆಗೆ ತಂತಿಯ ಮೇಲಿನ ಮ್ಯಾಗ್‌ಪೈ ಹಾರಿತು.

ಬಾನೆಟ್ಟಿನಡಿ, ಫ್ಯೂಸಿನ ಡಬ್ಬಿಯೊಳಗೆ,
ಕೆಂಪು ಟೋಪಿಯ ಕೆಳಗೊಂದು ಲೋಹದ ನಾಲಗೆ.
ಅದಕ್ಕೆ ಕೆಂಪು. ಕೆಂಪಿನ ಇನ್ನೊಂದು ತುದಿ ಅವಳ ಬ್ಯಾಟರಿಗೆ.
ಅವಳ ಕಡೆ ಕಪ್ಪು. ಕೊನೆಯ ಕಪ್ಪು
ನನ್ನ ಕಡೆಯ ಬೋಲ್ಟಿಗೆ, ಬಣ್ಣ ಬಳಿಯದ್ದು, ಆದಷ್ಟು ದೂರದ್ದು.
ತಪ್ಪಿದರೆ?
"ತಪ್ಪಬೇಡ," ಅಂದಳು.

ಐದು ನಿಮಿಷ ಯೂಟ್ ಕೆಮ್ಮಿತು.
ಬ್ರೇಕು ತುಳಿದು ಗುಂಡಿ ಒತ್ತಿದೆ.
ಗುರ್ ಇಲ್ಲ, ನಡುಕವಿಲ್ಲ,
ಹಸಿರಲ್ಲಿ ಒಂದೇ ಪದ: ರೆಡಿ.
"ಆಯ್ತಾ?" "ಆಯ್ತು." "ಎಲ್ಲಿ ಆಯ್ತು?"
ಬಾನೆಟ್ಟಿಗೆ ಕಿವಿಯಿಟ್ಟು ತಲೆಯಾಡಿಸಿದಳು,
ನಾಡಿ ಸಿಗದ ವೈದ್ಯರ ಹಾಗೆ.

ಆಮೇಲೆ ಕೈಪಿಡಿ ಓದಿದೆ, ಒಂಬತ್ತು ವರ್ಷ ತಡವಾಗಿ.
ಕೀಲಿಯನ್ನು ಕಾರಿನ ಪಕ್ಕದ ಗೋಡೆಗೆ ತೂಗಬಾರದು,
ರಾತ್ರಿಯಿಡೀ ಎರಡೂ ಪಿಸುಗುಟ್ಟಿ ಖರ್ಚಾಗುತ್ತವೆ.
ಸುಮ್ಮನೆ ನಿಲ್ಲಿಸಿದರೂ ವಾರಕ್ಕೊಮ್ಮೆ ಎಬ್ಬಿಸಬೇಕು.
ಸೀಟಿನ ಪಕ್ಕದ ಜಾಲರಿಯಿಂದ ದೊಡ್ಡದು ಉಸಿರಾಡುತ್ತದೆ;
ಬಿಚ್ಚಿದೆ. ಕಟ್ಟಿಕೊಂಡಿದ್ದು ಬೆಣ್ಣೆ ಎಂಬ ನಾಯಿಯ ಕೂದಲು.
ಬೆಣ್ಣೆ ಹೋಗಿ ಎರಡು ವರ್ಷ.
ಬಿಳೀ ಹಿಡಿ ಹಿಡಿದು ಕಸದ ಡಬ್ಬಿಯವರೆಗೆ ಹೋದೆ,
ಸ್ವಲ್ಪ ಹೊತ್ತು ನಿಂತೆ.

ಇನ್ನೊಂದು ಮಾತು, ಸಣ್ಣ ಅಕ್ಷರದಲ್ಲಿ:
ಈ ಕಾರಿನಿಂದ ಬೇರೆ ಕಾರಿಗೆ ಜಂಪ್ ಕೊಡಬಾರದು.
ಪಡೆಯಬಹುದು. ಕೊಡಬಾರದು.
ಪಕ್ಕದ ಮನೆಯ ಬಟ್ಟಲನ್ನು ಬರಿದಾಗಿ
ಎಂದೂ ವಾಪಸು ಕಳಿಸಿದವಳಲ್ಲ ನಮ್ಮಮ್ಮ.
ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ.

ಆಗಸ್ಟಿನ ಒಂದು ಬೆಳಿಗ್ಗೆ ಯೂಟ್ ಕೆಮ್ಮಲೂ ಇಲ್ಲ.
ಗೇಟಿನಲ್ಲಿ ಡೊರೀನ್, ಕೈಯಲ್ಲಿ ಅದೇ ಕೇಬಲ್ಲು.
ಹೇಳಬೇಕಾಯಿತು. ಹೇಳಿದೆ.
"ಮತ್ತೆ ಅಷ್ಟು ದುಡ್ಡು ಕೊಟ್ಟು ತಂದಿದ್ದು ಯಾಕೆ?"
ನನ್ನ ಹತ್ತಿರ ಉತ್ತರವಿರಲಿಲ್ಲ.
ಅವಳಿಗೆ ಒಂಬತ್ತೂವರೆಗೆ ಕಣ್ಣಿನ ಡಾಕ್ಟರು.
"ಹತ್ತು," ಅಂದೆ.

ಕೇಬಲ್ಲನ್ನು ಸಿಂಬೆಯಂತೆ ಸುತ್ತಿ ಮಡಿಲಲ್ಲಿಟ್ಟು,
ಬೆಲ್ಟು ಬಿಗಿದು, ನೆಟ್ಟಗೆ ಕೂತು ಕಾದಳು.
"ಯಾವಾಗ ಹೊರಡುತ್ತೆ ಇದು?"
ಅಷ್ಟರಲ್ಲಿ ಅವಳ ಗೇಟು
ಮೆಲ್ಲಗೆ ಹಿಂದಕ್ಕೆ ಸರಿಯುತ್ತಿತ್ತು.